ಮೂರನೇ ಸಾಲಿನ ಮೀನು

ಹನ್ನೊಂದು ನಿಮಿಷ ನಲವತ್ತೆರಡನೇ ಸೆಕೆಂಡಿಗೆ ವಾರ್ತಾವಾಚಕರು ಕೆಮ್ಮಿದರು. ಸೊಸೆ ಎಡಗೈಯಲ್ಲಿ ಸೌಟು ಹಿಡಿದುಕೊಂಡೇ ಬಲಗೈ ಚಾಚಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯ ಮೇಲೆ ‘೧೧-೪೨, ಕೆಮ್ಮು’ ಎಂದು ಬರೆದಳು. ಕಿವಿಯಲ್ಲಿ ಹೆಡ್‌ಫೋನು, ಎದುರಿಗೆ ಹಾಲಿನ ಪಾತ್ರೆ, ಬೆನ್ನ ಹಿಂದೆ ಬಟ್ಟೆ ಒಗೆಯುವ ಯಂತ್ರದ ಗುರುಗುರು. ಜೇನು ಸಾಕುವುದರ ಬಗ್ಗೆ ಒಂಬತ್ತು ಗಂಟೆ ಉದ್ದದ ಪುಸ್ತಕವೊಂದನ್ನು ನಿವೃತ್ತ ವಾರ್ತಾವಾಚಕರೊಬ್ಬರು ಯುದ್ಧದ ಸುದ್ದಿ ಓದುವ ದನಿಯಲ್ಲಿ ಓದಿದ್ದರು. ಓದುವಾಗ ಅವರು ಕೆಮ್ಮಿದ್ದು, ಸೀನಿದ್ದು, ಕುರ್ಚಿ ಕಿರುಗುಟ್ಟಿಸಿದ್ದು, ರಾಣಿಜೇನು ಮೊಟ್ಟೆ ಇಡುವ ಘಳಿಗೆಯಲ್ಲಿ ಯಾರಿಗೋ “ಬಾಗಿಲು ಹಾಕ್ರೋ!” ಎಂದು ಗದರಿದ್ದು, ಎಲ್ಲವನ್ನೂ ಹುಡುಕಿ ತೆಗೆದು ದನಿಯನ್ನು ಹಸನು ಮಾಡುವುದು ಸೊಸೆಯ ಉದ್ಯೋಗ. ಉಳಿದ ಭಾಗಗಳು ಹಿಂದಿನ ದಿನಗಳಲ್ಲೇ ಮುಗಿದಿದ್ದವು, ಇವತ್ತಿನದು ಕೊನೆಯ ಭಾಗ, ಹೊಸ ಹಾಳೆ.

ಎಂಟು ವರ್ಷದಿಂದ ಮನೆಯಲ್ಲೇ ಕೂತು ಈ ಕೆಲಸ ಮಾಡುತ್ತಿದ್ದಳು. ಕೇಳುವ ಪುಸ್ತಕ ಮುಗಿದಾಗ ಬರೆದವರ ಹೆಸರು ಬರುತ್ತಿತ್ತು, ಓದಿದವರ ಹೆಸರು ಬರುತ್ತಿತ್ತು, ನಡುನಡುವೆ ನಾಲ್ಕು ಸೆಕೆಂಡು ಕೊಳಲು ಊದಿದವರ ಹೆಸರೂ ಬರುತ್ತಿತ್ತು. ಕೆಮ್ಮು ತೆಗೆದವರ ಹೆಸರು ಮಾತ್ರ ಎಂದೂ ಬಂದಿರಲಿಲ್ಲ. ಈ ಸಲ ಸಂಪಾದಕಿ ತಾವಾಗಿಯೇ ಫೋನು ಮಾಡಿ ಹೇಳಿದ್ದರು: “ಜೇನು ಪುಸ್ತಕ ಇವತ್ತು ಸಂಜೆ ಐದರೊಳಗೆ ಬಂದ್ರೆ ಮುಂದಿನ ಹನ್ನೆರಡು ಪುಸ್ತಕವೂ ನಿಮಗೇ. ಕೊನೇಲಿ ನಿಮ್ಮ ಹೆಸರೂ ಓದಿಸ್ತೀನಿ. ಆದ್ರೆ ಐದು ಅಂದ್ರೆ ಐದು.”

ನಿನ್ನೆ ಯಾರೂ ಇಲ್ಲದಾಗ ಸೊಸೆ ಮೈಕಿನ ಮುಂದೆ ತನ್ನ ಹೆಸರನ್ನು ತಾನೇ ಹೇಳಿ, ಹಿಂದಕ್ಕೆ ತಿರುಗಿಸಿ ಕೇಳಿದ್ದಳು. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಎರಡನೇ ಸಲ ಕೇಳಲು ನಾಚಿಕೆಯಾಗಿ ಅಳಿಸಿದ್ದಳು.

ಈಗ ಅದನ್ನೇ ನೆನೆಯುತ್ತ, ಎರಡನೇ ಕೆಮ್ಮಿಗೆ ಕಿವಿಗೊಟ್ಟು ನಿಂತಿದ್ದಾಗ ಹಾಲು ಉಕ್ಕಿತು. ಉಕ್ಕಿದ್ದೆಂದರೆ ಸುಮ್ಮನೆ ಅಲ್ಲ. ಒಲೆ ತುಂಬಿ, ಕಟ್ಟೆ ಹರಿದು, ಕಪಾಟಿನ ಸಂದಿಯಲ್ಲಿ ಇಳಿದು, ತಿಂಗಳಿಗಾಗುವಷ್ಟು ತಂದಿಟ್ಟಿದ್ದ ಸಕ್ಕರೆಯ ಡಬ್ಬಿಯ ಕೆಳಗೆ ಹೋಗಿ ಕೂತಿತು. ಒರೆಸಿ, ತೊಳೆದು, ಡಬ್ಬಿಗಳನ್ನೆಲ್ಲ ಇಳಿಸಿ ಏರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಆ ಮುಕ್ಕಾಲು ಗಂಟೆಯೇ ಮುಂದಿನ ಎಲ್ಲ ಅನರ್ಥಕ್ಕೂ ಮೂಲ.

ಯಾಕೆಂದರೆ ಆ ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಮಧ್ಯಾಹ್ನ ಎರಡರ ತನಕ ಅದು ಸೊಸೆಯದು, ಎರಡರ ಮೇಲೆ ಅತ್ತೆಯದು. ಬೇರೆ ಮನೆಗಳಲ್ಲಿ ಬೀರುವಿನ ಬೀಗದ ಕೈ ಯಾರದು ಎಂಬುದಕ್ಕೆ ಆಗುವಂಥ ಒಪ್ಪಂದ ಇಲ್ಲಿ ಕಂಪ್ಯೂಟರಿಗೆ ಆಗಿತ್ತು.

ಅತ್ತೆಗೆ ಅರವತ್ತೊಂಬತ್ತು. ಜೀವಮಾನದಲ್ಲಿ ಸೈಕಲ್ಲು ಕೂಡ ತುಳಿದವರಲ್ಲ. ಗಂಡನಿದ್ದಾಗ ಹಿಂದಿನ ಸೀಟು, ಮಗ ದೊಡ್ಡವನಾದ ಮೇಲೆ ಪಕ್ಕದ ಸೀಟು, ಅಷ್ಟೇ ಅವರ ಪ್ರಯಾಣ. ಕಳೆದ ವರ್ಷ ಮಂಡಿನೋವಿಗೆ ಮನೆಯಲ್ಲಿ ಕೂತಾಗ ಮಗ ಕಂಪ್ಯೂಟರಿಗೆ ಒಂದು ಲಾರಿ ಓಡಿಸುವ ಆಟ ಹಾಕಿ, ಮೇಜಿಗೆ ಸಿಕ್ಕಿಸುವ ಸ್ಟೀರಿಂಗನ್ನೂ ತಂದುಕೊಟ್ಟಿದ್ದ. ಈಗ ಅವರು ಹದಿನೆಂಟು ಚಕ್ರದ ಲಾರಿಯನ್ನು ಹಿಂದಕ್ಕೆ ತೆಗೆದು ಗೋದಾಮಿನ ಬಾಗಿಲಿಗೆ ಬೆರಳಷ್ಟು ಅಂತರದಲ್ಲಿ ನಿಲ್ಲಿಸಬಲ್ಲರು. ಎದುರು ಕಟ್ಟಡದಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಇದೇ ಆಟ ಆಡುತ್ತಾರೆಂದು ತಿಳಿದದ್ದೇ ತಡ, ಎರಡೂ ಕಟ್ಟಡದವರು ಸೇರಿ ಪಂದ್ಯ ಗೊತ್ತು ಮಾಡಿದ್ದರು. ಇವತ್ತು ಮೂರೂವರೆಗೆ. ಸರಕು ಗಾಜು. ಬಂದರಿನಿಂದ ಬೆಟ್ಟದ ಮೇಲಿನ ಪಟ್ಟಣಕ್ಕೆ, ಮೂವತ್ತು ಹಾಳೆ ಗಾಜನ್ನು ಒಡೆಯದೆ ಮುಟ್ಟಿಸಬೇಕು.

ಕೆಮ್ಮೆಲ್ಲ ಕತ್ತರಿಸಿ, ಪುಸ್ತಕವನ್ನು ಒಟ್ಟುಗೂಡಿಸಲು ಸೊಸೆ ಗುಂಡಿ ಒತ್ತಿದಾಗ ಒಂದೂಕಾಲು. ಒಂಬತ್ತು ಗಂಟೆಯ ದನಿಯನ್ನು ತೊಳೆದು ಹೆಣೆಯಲು ಕಂಪ್ಯೂಟರಿಗೆ ಒಂದೂಕಾಲು ಗಂಟೆ ಬೇಕು. ಹಸಿರು ಪಟ್ಟಿಯೊಂದು ಬಸವನಹುಳುವಿನ ಹಾಗೆ ತೆವಳತೊಡಗಿತು. ಎರಡು ಹೊಡೆದಾಗ ಅದು ನೂರಕ್ಕೆ ಅರವತ್ತರಲ್ಲಿತ್ತು, ಅತ್ತೆ ಬಾಗಿಲಲ್ಲಿದ್ದರು.

“ಆಯ್ತೇನೇ ನಿಂದು?”

“ಆಯ್ತು ಅತ್ತೆ, ಬನ್ನಿ.”

ಆ ಒಂದು ಸುಳ್ಳನ್ನು ಅವಳು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. ಹಸಿರು ಪಟ್ಟಿಯನ್ನು ಕೆಳಗೆ ಸರಿಸಿ ಬಚ್ಚಿಟ್ಟು, ಕುರ್ಚಿ ಬಿಟ್ಟು ಎದ್ದಳು. ಅರ್ಧ ಗಂಟೆ ತಾನೇ, ಲಾರಿಯ ಅಡಿಯಲ್ಲಿ ಅದರ ಪಾಡಿಗೆ ಅದು ಮುಗಿಯುತ್ತೆ. ಅತ್ತೆಗೆ ಏನು ಗೊತ್ತಾಗಬೇಕು?

ಅತ್ತೆಗಲ್ಲ, ಲಾರಿಗೆ ಗೊತ್ತಾಯಿತು. ಬಂದರಿನ ಗೇಟು ದಾಟಿದ್ದೇ ತಡ, ಅದು ಬಿಕ್ಕಳಿಕೆ ಬಂದವರ ಹಾಗೆ ತಡೆತಡೆದು ಓಡತೊಡಗಿತು. ರಸ್ತೆ ಒಂದು ಕ್ಷಣ ನಿಲ್ಲುವುದು, ಮರುಕ್ಷಣ ನೆಗೆಯುವುದು. ತಿರುವಿನಲ್ಲಿ ಅತ್ತೆ ಸ್ಟೀರಿಂಗ್ ತಿರುಗಿಸಿದರು, ಲಾರಿ ಯೋಚಿಸಿ ತಿರುಗಿತು. ಅಷ್ಟರಲ್ಲಿ ಟೋಲ್ ಗೇಟಿನ ಕಂಬ ಬಂದು ಮುಖಕ್ಕೇ ಹೊಡೆಯಿತು.

“ಅಯ್ಯೋ! ಹನ್ನೊಂದು ಗಾಜು!” ಎಂದು ಅತ್ತೆ ಕೂಗಿದ್ದು ಕೆಳಮಹಡಿಗೂ ಕೇಳಿಸಿ, ಅಲ್ಲಿಂದ ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಓಡಿಬಂದರು. ಮೂವತ್ತೈದು ವರ್ಷ ಲಿಫ್ಟು ರಿಪೇರಿ ಮಾಡಿದ್ದರಿಂದ ಅವರು ಲಿಫ್ಟನ್ನು ನಂಬುತ್ತಿರಲಿಲ್ಲ.

“ಏನಕ್ಕಾ, ಪೆಟ್ಟಾಯ್ತಾ?”

“ನಂಗಲ್ಲಪ್ಪ, ಲಾರಿಗೆ. ನೋಡು, ಹೇಗೆ ತಡವರಿಸ್ತಿದೆ. ಮೂರೂವರೆಗೆ ಪಂದ್ಯ!”

ಮೆಕ್ಯಾನಿಕ್ ಪರದೆಯನ್ನು ನೋಡಿದರು, ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದರು, ಎರಡು ಸಲ ತಲೆಯಾಡಿಸಿದರು. “ಹೈಪರ್‌ಥ್ರೆಡಿಂಗು” ಎಂದರು, ಡಾಕ್ಟರು ಕಾಯಿಲೆಯ ಹೆಸರು ಹೇಳುವ ಹಾಗೆ.

“ಅಂದ್ರೆ?”

“ಮೊನ್ನೆ ತಾನೇ ವಿಡಿಯೋ ನೋಡ್ದೆ. ಒಳಗೆ ಪ್ರೊಸೆಸರ್ ಅಂತ ಇರುತ್ತಲ್ಲ, ಅದ್ರಲ್ಲಿ ಕೋರ್ ಅಂತ ಕೆಲಸಗಾರರು. ಹೈಪರ್‌ಥ್ರೆಡಿಂಗ್ ಅಂದ್ರೆ ಒಬ್ಬೊಬ್ಬ ಕೆಲಸಗಾರನೂ ‘ನಾವಿಬ್ಬರು’ ಅಂತ ಹಾಜರಿ ಹಾಕೋದು. ಒಂದೇ ಲಿಫ್ಟಿಗೆ ಎರಡು ಬಾಗಿಲು ಇಟ್ಟ ಹಾಗೆ ಅಂತಿಟ್ಕೊಳ್ಳಿ. ಆ ಕಡೆಯವರೂ ಗುಂಡಿ ಒತ್ತುತ್ತಾರೆ, ಈ ಕಡೆಯವರೂ ಒತ್ತುತ್ತಾರೆ. ಲಿಫ್ಟು ಮಾತ್ರ ಒಂದೇ! ಆಟಕ್ಕೆ ತಡೆಯಿಲ್ಲದ ಓಟ ಬೇಕು. ಮಧ್ಯೆ ಇನ್ನೊಬ್ಬ ಬಂದು ‘ಸ್ವಲ್ಪ ಜರುಗ್ರಿ’ ಅಂದ್ರೆ ಎಡವದೆ ಇನ್ನೇನಾಗುತ್ತೆ? ಆಫ್ ಮಾಡಿಬಿಡೋಣ.”

ಸೊಸೆ ಅಡುಗೆಮನೆಯಿಂದ ಓಡಿಬಂದಳು. “ಅಂಕಲ್, ಸ್ವಲ್ಪ ತಡೀರಿ, ತಾನಾಗಿ ಸರಿಹೋಗುತ್ತೇನೋ. ಇನ್ನೊಂದು ಇಪ್ಪತ್ತು ನಿಮಿಷ...”

“ತಾನಾಗಿ ಸರಿಹೋಗೋದು ನೆಗಡಿ, ತಾಯಿ. ಮೆಷಿನ್ ಅಲ್ಲ” ಎಂದು ಮೆಕ್ಯಾನಿಕ್ ಗುಂಡಿ ಒತ್ತಿ ಕಂಪ್ಯೂಟರು ಆರಿಸಿಯೇ ಬಿಟ್ಟರು.

ಎಪ್ಪತ್ತೊಂದರಲ್ಲಿದ್ದ ಹಸಿರು ಪಟ್ಟಿ ಸದ್ದಿಲ್ಲದೆ ಸತ್ತಿತು. ಅಯ್ಯೋ ಎಂದು ಸೊಸೆ ಕೂಗುವ ಹಾಗೂ ಇರಲಿಲ್ಲ, ‘ಆಯ್ತು ಅತ್ತೆ’ ಎಂದದ್ದು ಅವಳೇ.

ಮೆಕ್ಯಾನಿಕ್ ಮತ್ತೆ ಕಂಪ್ಯೂಟರು ಹಾಕಿ, ಪಟಪಟನೆ ಯಾವುದೋ ಕೀಲಿ ಒತ್ತಿ, ಯಂತ್ರದ ಒಳಗಿನ ಏರ್ಪಾಡುಗಳನ್ನು ಬದಲಿಸುವ ನೀಲಿ ಬಣ್ಣದ ಒಂದು ಪಟ್ಟಿಯನ್ನು ಎಬ್ಬಿಸಿದರು. ಕನ್ನಡಕ ಕೆಳಗೇ ಉಳಿದಿತ್ತು. ತೊಂದರೆಯಿಲ್ಲ. “ಮೂರನೇ ಸಾಲು ಅಂತ ವಿಡಿಯೋದಲ್ಲಿ ಹೇಳಿದಾನೆ. ಮೂರನೇ ಮಹಡಿ ಅಂದ್ರೆ ಮೂರನೇ ಗುಂಡಿ, ಅದಕ್ಕೆ ಓದೋದೇನಿದೆ?” ಎಂದು ಎಣಿಸಿಕೊಂಡು ಹೋಗಿ ಮೂರನೆಯದನ್ನು ಆಫ್ ಮಾಡಿದರು.

ಕಂಪ್ಯೂಟರು ಮತ್ತೆ ಹೊತ್ತಿಕೊಂಡಿತು. ಆ ಯಂತ್ರ ಶುರುವಾಗುವಾಗ ತಯಾರಿಸಿದ ಕಂಪನಿಯ ಗುರುತು, ಒಂದು ನೀಲಿ ಮೀನು, ಪರದೆಯ ಮೇಲೆ ಬಾಲ ಆಡಿಸಿ ಹೋಗುವುದು ವಾಡಿಕೆ. ಈ ಸಲ ಮೀನು ಬರಲಿಲ್ಲ. ಬರೀ ಬಿಳಿ ಅಕ್ಷರಗಳು ಓಡಿದವು.

“ನೋಡಿದ್ರಾ?” ಮೆಕ್ಯಾನಿಕ್ ಕೈ ತಟ್ಟಿದರು. “ಮೀನೂ ಹೋಯ್ತು! ಅಷ್ಟು ಭಾರ ಇಳಿದಿದೆ.”

ಲಾರಿ ನೀರಿನ ಮೇಲಿನ ಎಣ್ಣೆಯ ಹಾಗೆ ಜಾರಿತು. ಜಾರದೆ ಏನು, ಅದರ ಅಡಿಯಲ್ಲಿ ಈಗ ಒಂಬತ್ತು ಗಂಟೆಯ ಜೇನು ಇರಲಿಲ್ಲವಲ್ಲ! ಕಾರಣ ಬಲ್ಲವಳು ಒಬ್ಬಳೇ, ಅವಳು ಬಾಯಿ ಬಿಡುವ ಹಾಗಿಲ್ಲ.

ಎರಡೂ ಮುಕ್ಕಾಲಿಗೆ ಇನ್ನೈದು ನಿಮಿಷ ಇರುವಾಗ ಅತ್ತೆ ಮಾತ್ರೆ ನುಂಗಲು ಎದ್ದರು. ಸೊಸೆ ಧೂಳು ಒರೆಸುವ ಬಟ್ಟೆ ಹಿಡಿದುಕೊಂಡು ನುಗ್ಗಿ, ಹಸಿರು ಪಟ್ಟಿಯನ್ನು ಮೊದಲಿನಿಂದ ಹೊರಡಿಸಿ, ಬಚ್ಚಿಟ್ಟು, ಬರೀ ಧೂಳು ಒರೆಸಿದವಳ ಮುಖ ಮಾಡಿಕೊಂಡು ಈಚೆ ಬಂದಳು. ಲೆಕ್ಕ ಹಾಕಿದರೆ ಇನ್ನೂ ಹೊತ್ತಿತ್ತು. ನಾಲ್ಕಕ್ಕೆ ಮುಗಿಯುತ್ತೆ, ಕಳಿಸಲು ಕಾಲು ಗಂಟೆ. ಅತ್ತೆ ಬಂದು ಕೂತರು. ಲಾರಿ ಮತ್ತೆ ಬಿಕ್ಕಿತು.

ಅಷ್ಟರಲ್ಲಿ ಎದುರು ಬಾಗಿಲಿನ ಗ್ರಂಥಪಾಲಕಿ ಬಂದರು. ಕಟ್ಟಡದಲ್ಲಿ ಯಾರು ಏನೇ ಹೇಳಲಿ, ‘ಹಾಗಲ್ಲ’ ಎಂದು ಶುರು ಮಾಡುವವರು.

“ಹಾಗಲ್ಲ ರೀ. ಹೈಪರ್‌ಥ್ರೆಡಿಂಗ್ ಆಫ್ ಮಾಡಿದ್ರೆ ಎಡವದೆ ಇರುತ್ತಾ? ಕೆಲಸಗಾರ ಇಡೀ ಹೊತ್ತು ದುಡೀತಿರ್ತಾನೆ ಅಂದ್ಕೊಂಡ್ರಾ? ಅರ್ಧ ಹೊತ್ತು, ಮೆಮೊರಿಯಿಂದ ಸಾಮಾನು ಬರಲಿ ಅಂತ ಕೈಕಟ್ಟಿ ಕೂತಿರ್ತಾನೆ. ಆಗ ಇನ್ನೊಂದು ಕೆಲಸ ಕೊಟ್ರೆ ಎರಡೂ ಸಾಗುತ್ತೆ. ನಾವು ಒಂದು ಬೇಯೋ ತನಕ ಇನ್ನೊಂದು ಹೆಚ್ಚಿಕೊಳ್ಳಲ್ವಾ?”

“ಹೆಚ್ಕೊಳ್ಳಿ ಮೇಡಂ” ಎಂದರು ಮೆಕ್ಯಾನಿಕ್. “ಬೆಳಿಗ್ಗೆ ಈ ಮನೇಲಿ ಹಾಲು ಸೀದ ವಾಸನೆ ನಮ್ಮನೆ ತನಕ ಬಂತು. ಅದು ಹೇಗೆ ಅಂತ ಸ್ವಲ್ಪ ಕೇಳಿ.”

ಇಬ್ಬರೂ ಸೊಸೆಯ ಕಡೆ ತಿರುಗಿದರು. ಅವಳಿಗೆ ತನ್ನನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟ ಹಾಗಾಯಿತು. ಒಬ್ಬಳೇ ಕೆಲಸಗಾರ್ತಿ, ಎರಡು ಹಾಜರಿ. ಎರಡನೆಯ ಹಾಜರಿಯನ್ನು ತನ್ನ ಹೆಸರಲ್ಲಿ ಬರೆಸಿದ್ದು ಯಾರು, ಯಾವಾಗ? ನೆನಪಾಗಲಿಲ್ಲ.

“ಫೋನಲ್ಲಿ ಓದಿದೆ” ಎಂದಳು ಮೆಲ್ಲಗೆ. “ಅದು ಆಟದಿಂದ ಆಟಕ್ಕೆ ಬೇರೆಯಂತೆ. ಕೆಲವಕ್ಕೆ ಒಳ್ಳೇದು, ಕೆಲವಕ್ಕೆ ಕೆಟ್ಟದ್ದು, ಎಷ್ಟೋ ಸಲ ಏನೂ ವ್ಯತ್ಯಾಸಾನೇ ಇರಲ್ಲವಂತೆ.”

ಈ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ವ್ಯತ್ಯಾಸವೇ ಇಲ್ಲ ಎನ್ನುವ ಮಾತಿಗೆ ಜಗಳದಲ್ಲಿ ಜಾಗ ಎಲ್ಲಿದೆ?

“ಎಷ್ಟನೇ ಸಾಲು ಅಂದ್ರಿ?” ಎಂದು ಗ್ರಂಥಪಾಲಕಿ ಕೀಲಿಮಣೆ ಎಳೆದುಕೊಂಡು, ಕಂಪ್ಯೂಟರು ಆರಿಸಿ ಹಾಕಿ, ಆ ನೀಲಿ ಪಟ್ಟಿಯನ್ನು ಎಬ್ಬಿಸಿದರು. ಮೂವತ್ತು ವರ್ಷ ಪುಸ್ತಕಗಳ ಬೆನ್ನು ನೋಡಿಯೇ ಒಳಗಿನದನ್ನು ಹೇಳುತ್ತ ಬಂದವರು. ಮೂರನೇ ಸಾಲಿನ ತುದಿಯಲ್ಲಿದ್ದ ‘ಆಫ್’ ಕಂಡರು, ‘ಆನ್’ ಮಾಡಿದರು, ಸಾಲಿನ ಮೊದಲಲ್ಲಿ ಏನು ಬರೆದಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಹತ್ತೊಂಬತ್ತರಲ್ಲಿದ್ದ ಹಸಿರು ಪಟ್ಟಿ ಎರಡನೇ ಸಲ ಸತ್ತಿತು. ಮೀನು ಬಂದು ಬಾಲ ಆಡಿಸಿತು. ಲಾರಿ ಹಂಸದ ಹಾಗೆ ತೇಲಿತು.

“ನೋಡಿದ್ರಾ!” ಎಂದರು ಗ್ರಂಥಪಾಲಕಿ.

ಆಫ್ ಮಾಡಿದರೂ ಸರಿಹೋಯಿತು, ಆನ್ ಮಾಡಿದರೂ ಸರಿಹೋಯಿತು. ಇದರಿಂದ ಇಬ್ಬರಿಗೂ ತಾವು ಹೇಳಿದ್ದೇ ಸರಿ ಎಂಬುದು ಇನ್ನಷ್ಟು ಖಾತ್ರಿಯಾಯಿತು.

ಮೂರು ಗಂಟೆಗೆ ಗಂಡನ ಫೋನು ಬಂತು. ಆತ ಗೋದಾಮಿನ ಉಸ್ತುವಾರಿ. ಇನ್ನೊಂದು ಕಿವಿಯಲ್ಲಿ ಇನ್ನೊಂದು ಫೋನಿತ್ತು.

“ಅಮ್ಮನ ಪಂದ್ಯ ಎಲ್ಲಿಗೆ ಬಂತು? ...ಆ ಮೂಟೆ ಈ ಕಡೆ ಹಾಕ್ರೋ! ...ನಿಂಗಲ್ಲ ಕಣೆ.”

“ರೀ, ನನ್ನ ಪುಸ್ತಕ ಇನ್ನೂ ಹೋಗಿಲ್ಲ. ಐದಕ್ಕೆ ಹೋಗ್ಲೇಬೇಕು. ನೀವೊಂದು ಮಾತು ಅಮ್ಮಂಗೆ...”

“ಅಯ್ಯೋ, ಅದ್ಕೇನು, ಎರಡೂ ಒಟ್ಟಿಗೆ ಮಾಡ್ಬಿಡು. ನಿಂಗೇನು ಹೊಸದಾ? ...ಅಲ್ಲಲ್ಲ, ಎಡಕ್ಕೆ, ಎಡಕ್ಕೆ! ...ಸರಿ, ಇಡ್ಲಾ?”

ಇಟ್ಟೂ ಬಿಟ್ಟ.

ಅಷ್ಟರಲ್ಲಿ ಕಟ್ಟಡದ ಜನ ಒಬ್ಬೊಬ್ಬರಾಗಿ ಸೇರತೊಡಗಿದರು. ಬಂದವರಿಗೆಲ್ಲ ಚಹಾ. ಅತ್ತೆ ಪಂದ್ಯಕ್ಕೆ ಮುಂಚೆ ಮುಖ ತೊಳೆಯಲು ಹೋದ ಸಮಯ ನೋಡಿ ಸೊಸೆ ಲೋಟಗಳ ತಟ್ಟೆ ಹಿಡಿದು ಕಂಪ್ಯೂಟರಿನ ಕೋಣೆಗೆ ಬಂದರೆ, ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಅಲ್ಲಿಂದ ಹೊರಬರುತ್ತಿದ್ದರು. “ಸುಮ್ನೆ ಗಾಳಿ ಆಡ್ತಿದೆಯಾ ಅಂತ ನೋಡ್ದೆ” ಎಂದರು, ಕೇಳದಿದ್ದರೂ.

ಗಂಟೆ ಮೂರೂ ಇಪ್ಪತ್ತು. ಈಗ ಹೊರಡಿಸಿದರೆ ನಾಲ್ಕೂ ಮೂವತ್ತೈದು, ಕಳಿಸಿ ಮುಗಿಸುವಾಗ ನಾಲ್ಕೂ ಐವತ್ತು. ಹತ್ತು ನಿಮಿಷ ಉಳಿಯುತ್ತದೆ. ಇದು ಕೊನೆಯ ಗಾಡಿ. ಗ್ರಂಥಪಾಲಕಿ ಹೇಳಿದ್ದು ನಿಜವಾಗಿದ್ದರೆ ಎರಡೂ ಸಾಗಬೇಕಲ್ಲ? ನಿಜವಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಗುಂಡಿ ಒತ್ತಿದಳು.

ಮೂರೂವರೆಗೆ ಸರಿಯಾಗಿ ಪಂದ್ಯ ಶುರು. ಎದುರು ಕಟ್ಟಡದ ಕಿಟಕಿಯಲ್ಲಿ ಮೇಷ್ಟ್ರು ಟೋಪಿ ಹಾಕಿಕೊಂಡು ಕೂತದ್ದು ಕಾಣುತ್ತಿತ್ತು. ಮಗ್ಗುಲಲ್ಲಿ ಭೂಪಟ ಬೇರೆ ಹರಡಿಕೊಂಡಿದ್ದರು. ಇಲ್ಲಿ ಅತ್ತೆ ಕುರ್ಚಿಯ ತುದಿಗೆ ಜರುಗಿ, ಸ್ಟೀರಿಂಗನ್ನು ಮೊಮ್ಮಗುವಿನ ಕೆನ್ನೆ ಹಿಡಿದ ಹಾಗೆ ಹಿಡಿದರು. ಬಂದರಿನ ಗೇಟು ತೆರೆಯಿತು. ಲಾರಿ ಹೊರಟಿತು. ಎರಡನೇ ತಿರುವಿಗೆ ಬಿಕ್ಕಳಿಕೆ ಶುರುವಾಯಿತು.

“ಮತ್ತೆ ಬಂತು!” ಎಂದು ಅತ್ತೆ ಸ್ಟೀರಿಂಗಿನತ್ತ ಬಗ್ಗಿದರು.

“ಆನ್ ಇದೆಯಲ್ಲ, ಅದಕ್ಕೇ!” ಎಂದರು ಮೆಕ್ಯಾನಿಕ್, ಯಾಕೋ ಕೊಂಚ ಅನುಮಾನದಿಂದ.

“ನೀವು ಮೊದಲು ಕೆಡಿಸಿದ್ರಲ್ಲ, ಅದಕ್ಕೇ!” ಎಂದರು ಗ್ರಂಥಪಾಲಕಿ.

“ಒಂದ್ಸಲ ಆರಿಸಿ ಹಾಕಿದ್ರೆ...”

“ಈಗ ಆರಿಸಿದ್ರೆ ಪಂದ್ಯ ಸೋತ ಹಾಗೇ ರೀ! ದೂರ ನಿಲ್ಲಿ!”

ಇಬ್ಬರೂ ಸ್ವಿಚ್ಚಿನ ಹತ್ತಿರ ಒಬ್ಬರನ್ನೊಬ್ಬರು ಕಾಯುತ್ತ ನಿಂತರು. ಉಳಿದವರು ಕಿಟಕಿಗೆ ಮುಗಿಬಿದ್ದು ಮೇಷ್ಟ್ರು ಎಲ್ಲಿಗೆ ಬಂದರೆಂದು ಅವರ ಮುಖ ನೋಡಿ ಊಹಿಸುತ್ತಿದ್ದರು. ಸೊಸೆಯೊಬ್ಬಳು ಅತ್ತೆಯ ಮುಖ ನೋಡಿದಳು.

ಆ ಮುಖವನ್ನು ಅವಳು ಇಪ್ಪತ್ತೆರಡು ವರ್ಷದಿಂದ ನೋಡಿದ್ದಳು. ಸಿಟ್ಟಿನಲ್ಲಿ, ಜ್ವರದಲ್ಲಿ, ಮಾವನವರು ಹೋದ ದಿನದಲ್ಲಿ. ಹೀಗೆ ನೋಡಿರಲಿಲ್ಲ. ತಾನು ಓಡಿಸುವುದನ್ನು ನಾಲ್ಕು ಜನ ನಿಂತು ನೋಡುತ್ತಿದ್ದಾರೆ ಎಂಬುದು ಆ ಹೆಂಗಸಿನ ಬದುಕಿನಲ್ಲಿ ಇದೇ ಮೊದಲು. ಗಾಜೆಲ್ಲ ಒಡೆದರೆ ಇದೇ ಕೊನೆಯೂ ಆದೀತು. ಮುಂದೆ ಬೆಟ್ಟದ ಏರು, ಹನ್ನೆರಡು ತಿರುವು. ಈ ಬಿಕ್ಕಳಿಕೆಯಲ್ಲಿ ಒಂದೂ ದಾಟಲಾರದು.

ಹೆಸರು ಓದಿಸ್ತೀನಿ ಎಂದಿದ್ದರು ಸಂಪಾದಕಿ.

ಲಾರಿ ಟೋಲ್ ಗೇಟಿನಲ್ಲಿ ನಿಂತಿತು. ಅಲ್ಲಿ ಹತ್ತು ಸೆಕೆಂಡು ಎಲ್ಲರೂ ನಿಲ್ಲಲೇಬೇಕು. ಅತ್ತೆ ಕನ್ನಡಕ ತೆಗೆದು ಬಟ್ಟೆಯ ಅಂಚಿಗೆ ಒರೆಸತೊಡಗಿದರು. ಸೊಸೆ ಚಹಾದ ಲೋಟ ಇಡುವ ನೆಪದಲ್ಲಿ ಬಗ್ಗಿ ಎರಡು ಕೀಲಿ ಒತ್ತಿದಳು. ಲಾರಿ ಮಾಯವಾಗಿ ಹಸಿರು ಪಟ್ಟಿ ಬಂತು. ನೂರಕ್ಕೆ ಹದಿನೈದು. ‘ನಿಲ್ಲಿಸಬೇಕೇ?’ ಎಂದು ಕೇಳಿತು. ಹೌದು ಎಂದಳು. ಮತ್ತೆ ಲಾರಿ ಬಂತು, ಗೇಟು ಎದ್ದಿತು, ಅತ್ತೆ ಕನ್ನಡಕ ಏರಿಸಿದರು.

ಆಮೇಲಿನದನ್ನು ಕಟ್ಟಡದವರು ಇವತ್ತಿಗೂ ಹೇಳುತ್ತಾರೆ. ಹನ್ನೆರಡು ತಿರುವನ್ನೂ ಅತ್ತೆ ತೊಟ್ಟಿಲು ತೂಗಿದ ಹಾಗೆ ಏರಿದರು. ಮೇಷ್ಟ್ರು ಒಂದೂವರೆ ನಿಮಿಷ ಮೊದಲೇ ಪಟ್ಟಣ ಮುಟ್ಟಿದರು, ನಿಜ. ಆದರೆ ಭೂಪಟದಲ್ಲಿದ್ದ ಅಡ್ಡದಾರಿ ಹಿಡಿದದ್ದರಿಂದ ಅವರ ಲಾರಿಯಲ್ಲಿ ಮೂವತ್ತರಲ್ಲಿ ಹದಿನಾಲ್ಕು ಗಾಜು ಪುಡಿಯಾಗಿತ್ತು. ಅತ್ತೆಯ ಲಾರಿಯಲ್ಲಿ ಮೂವತ್ತಕ್ಕೆ ಮೂವತ್ತೂ ಇದ್ದವು. ಎದುರು ಕಿಟಕಿಯಲ್ಲಿ ಮೇಷ್ಟ್ರು ಟೋಪಿ ತೆಗೆದು ತಲೆ ಬಾಗಿಸಿದರು. ಅತ್ತೆ ಕೂತಲ್ಲಿಂದಲೇ ಎರಡು ಸಲ ಹಾರನ್ ಹೊಡೆದರು.

“ಈಗ ಒಂದು ನಿ‌ಜ ಹೇಳ್ತೀನಿ” ಎಂದು ಮೆಕ್ಯಾನಿಕ್ ಮುಂದೆ ಬಂದರು. “ಅಕ್ಕ ಮುಖ ತೊಳೆಯೋಕೆ ಹೋದಾಗ ನಾನೇ ಮತ್ತೆ ಆಫ್ ಮಾಡಿದ್ದೆ. ಶುರುವಲ್ಲಿ ಎಡವಿದ್ದು ಮೆಷಿನ್ ಒಗ್ಗಿಕೊಳ್ತಿತ್ತು, ಅಷ್ಟೇ.”

ನಂಬದವರಿಗಾಗಿ ಕಂಪ್ಯೂಟರು ಆರಿಸಿ ಹಾಕಿ ತೋರಿಸಿದರು. ಮೀನು ಬರಲಿಲ್ಲ. ಚಪ್ಪಾಳೆ ಬಿತ್ತು. ಗ್ರಂಥಪಾಲಕಿ “ಹಾಗಲ್ಲ...” ಎಂದು ಶುರು ಮಾಡಿ, ಮೀನಿಲ್ಲದ ಪರದೆ ನೋಡಿ, ಚಪ್ಪಲಿ ಮೆಟ್ಟಿ ಹೊರಟುಹೋದರು. ಮೀನು ಬಂದರೆ ಹೈಪರ್‌ಥ್ರೆಡಿಂಗು, ಮೀನು ಬಂದ ದಿನ ಲಾರಿ ಮುಟ್ಟಬಾರದು ಎಂಬುದು ಅಂದಿನಿಂದ ಆ ಕಟ್ಟಡದ ಶಾಸ್ತ್ರವಾಯಿತು. ಮೆಕ್ಯಾನಿಕ್ ಒಂದು ಚೀಟಿ ಬರೆದು ಪೆಟ್ಟಿಗೆಯ ನೆತ್ತಿಗೆ ಅಂಟಿಸಿದರು: ‘ಈ ಯಂತ್ರಕ್ಕೆ ಎರಡು ಕೆಲಸ ಒಟ್ಟಿಗೆ ಕೊಡಬಾರದು.’ ಸೊಸೆ ಅದನ್ನು ಎರಡು ಸಲ ಓದಿದಳು. ಅಂಥ ಚೀಟಿ ಯಾರಿಗೆಲ್ಲ ಅಂಟಿಸಬಹುದಿತ್ತು!

ಸಡಗರ ಅಲ್ಲಿಗೆ ಮುಗಿಯಲಿಲ್ಲ. ಕಟ್ಟಡದ ಐದು ಜನ ಹಿರಿಯ ಹೆಂಗಸರು ತಾವೂ ಲಾರಿ ಕಲಿಯುವುದೆಂದು ಅಲ್ಲೇ ತೀರ್ಮಾನಿಸಿದರು. ಒಳ್ಳೆಯ ಯಂತ್ರ ಇರುವುದು ಇದೊಂದೇ ಮನೆಯಲ್ಲಿ. ನಾಳೆಯಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಇಲ್ಲಿಗೇ. “ನಿನ್ನ ಕೈ ಚಹಾ ಚೆನ್ನಾಗಿರುತ್ತೆ ಕಣಮ್ಮ” ಎಂದರು ಒಬ್ಬರು.

ಐದು ಹೊಡೆಯಿತು. ಸೊಸೆ ಅಡುಗೆಮನೆಯಲ್ಲಿ ನಿಂತು ಸಂಪಾದಕಿಗೆ ಕ್ಷಮೆ ಕೇಳಿ ಬರೆದಳು. ಉತ್ತರ ಎರಡೇ ನಿಮಿಷದಲ್ಲಿ ಬಂತು. ‘ಜೇನು ನಾಳೆ ಕಳಿಸಿ. ಹನ್ನೆರಡು ಪುಸ್ತಕದ ಮಾತು ಈಗ ಬೇಡ. ಇನ್ನೊಂದೇ ಅವಕಾಶ ಕೊಡ್ತೀನಿ: ಅದೇ ವಾರ್ತಾವಾಚಕರು, ಜೇನು ಎರಡನೇ ಸಂಪುಟ. ನಾಳೆಯಿಂದ ಒಂದು ವಾರ, ದಿನಕ್ಕೊಂದು ಭಾಗ, ಪ್ರತಿದಿನ ಮಧ್ಯಾಹ್ನ ಎರಡಕ್ಕೆ.’

ಎರಡಕ್ಕೆ! ಹನ್ನೆರಡಕ್ಕೆ ಬರುತ್ತಾರೆ ಐದು ಜನ. ಇವತ್ತಿನವರೆಗೆ ಮಧ್ಯಾಹ್ನ ಎರಡರ ತನಕ ಯಂತ್ರ ಅವಳದಾಗಿತ್ತು. ಈಗ ಅದೂ ಹೋಯಿತು.

“ತಾಯಿ, ಆ ಕಂಪ್ಯೂಟರಿನ ಡಬ್ಬ ಎಲ್ಲಿದೆ?” ಮೆಕ್ಯಾನಿಕ್ ಬಾಗಿಲಿಂದ ಕೂಗಿದರು. “ಪ್ರೊಸೆಸರ್ ಯಾವ್ದು ಅಂತ ಬರ್ಕೊಳ್ತೀನಿ. ಬೇರೆಯವರೂ ಇದನ್ನೇ ಕೊಳ್ಳಲಿ.”

ಅಟ್ಟದ ಮೇಲೆ ಹಳೆ ಸ್ವೆಟರು ತುಂಬಿಟ್ಟಿದ್ದ ರಟ್ಟಿನ ಡಬ್ಬವನ್ನು ಸೊಸೆ ಸ್ಟೂಲು ಹತ್ತಿ ಎಳೆದಳು. ಮಗ್ಗುಲಲ್ಲಿ ಒಂದು ಚೌಕಟ್ಟು, ಅದರಲ್ಲಿ ಸಣ್ಣ ಅಕ್ಷರಗಳು. ಸ್ಟೂಲಿನ ಮೇಲೆ ನಿಂತೇ ಓದಿದಳು. ಕೋರ್: ನಾಲ್ಕು. ಥ್ರೆಡ್: ನಾಲ್ಕು. ಹೈಪರ್‌ಥ್ರೆಡಿಂಗ್: ಇಲ್ಲ.

ಇನ್ನೊಮ್ಮೆ ಓದಿದಳು. ಇಲ್ಲ ಎಂದರೆ ಇಲ್ಲ. ಈ ಯಂತ್ರದಲ್ಲಿ ಅದು ಹುಟ್ಟಿದಾಗಿನಿಂದಲೂ ಇರಲಿಲ್ಲ. ಇಡೀ ಮಧ್ಯಾಹ್ನ ಎರಡು ಮನೆಯವರು ಜಗಳಾಡಿ ಹಾಕಿದ್ದು, ತೆಗೆದದ್ದು, ಮತ್ತೆ ಹಾಕಿದ್ದು ಇಲ್ಲದ್ದನ್ನು.

ನಗು ಬಂತು. ಕೂಗಿ ಹೇಳಬೇಕೆಂದು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಹೇಳಿದರೆ ಮೊದಲ ಪ್ರಶ್ನೆ ಏನು? ‘ಹಾಗಾದ್ರೆ ಲಾರಿ ಯಾಕೆ ಎಡವ್ತಿತ್ತು?’ ಅದಕ್ಕೆ ಉತ್ತರ ಒಂದೇ, ಅದರ ಬಣ್ಣ ಹಸಿರು.

“ಸಿಗ್ತಿಲ್ಲ ಅಂಕಲ್” ಎಂದು ಡಬ್ಬವನ್ನು ಸ್ವೆಟರಿನ ಸಮೇತ ಒಳಕ್ಕೆ ತಳ್ಳಿದಳು.

ಜನ ಚದುರಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಕಂಪ್ಯೂಟರು ಹೊಸದಾಗಿ ಹಾಕಿ, ಆ ನೀಲಿ ಪಟ್ಟಿಯನ್ನು ಎಬ್ಬಿಸಿದಳು. ಆ ದಿನ ಅದನ್ನು ಕನ್ನಡಕ ಹಾಕಿಕೊಂಡು ಸಾಲಿನ ಮೊದಲಿಂದ ಓದಿದವಳು ಅವಳೊಬ್ಬಳೇ. ಮೂರನೇ ಸಾಲು: ‘ಶುರುವಿನಲ್ಲಿ ಕಂಪನಿಯ ಚಿತ್ರ ತೋರಿಸು.’ ಮುಂದೆ: ‘ಆಫ್’. ಅದರ ಕೆಳಗೆ ನಾಲ್ಕನೇ ಸಾಲೊಂದಿತ್ತು. ಅದನ್ನೂ ಓದಿದಳು. ಏನೂ ಮುಟ್ಟದೆ ಹೊರಬಂದು, ಜೇನು ಪುಸ್ತಕವನ್ನು ಒಟ್ಟುಗೂಡಿಸಲು ಬಿಟ್ಟಳು. ಹಸಿರು ಪಟ್ಟಿ ತನ್ನ ಪಾಡಿಗೆ ತೆವಳಿತು.

ಅತ್ತೆ ಸಂಜೆಯ ತಿರುಗಾಟಕ್ಕೆ ಹೊರಟವರು ಬಾಗಿಲಲ್ಲಿ ನಿಂತರು.

“ಕೆಳಗಡೆ ಹಸಿರಾಗಿ ಓಡ್ತಿರುತ್ತಲ್ಲ, ಅದು ಇವತ್ತು ಮುಗೀಲೇ ಇಲ್ಲ ಅಲ್ವೇನೇ?”

ಸೊಸೆ ಕುರ್ಚಿಯಿಂದ ತಿರುಗಿದಳು. “ನಿಮಗೆ... ಯಾವಾಗ ಗೊತ್ತಾಯ್ತು ಅತ್ತೆ?”

“ಎರಡು ಗಂಟೆಗೇ. ಲಾರಿ ಓಡಿಸೋರಿಗೆ ಕನ್ನಡಿ ನೋಡೋ ಅಭ್ಯಾಸ ಇರುತ್ತೆ ಕಣೆ.”

“ಮತ್ತೆ ನಿಲ್ಲಿಸು ಅನ್ನಬಹುದಿತ್ತಲ್ಲ?”

“ಅನ್ನಬಹುದಿತ್ತು. ಹನ್ನೊಂದು ಗಾಜು ಒಡೆದಾಗ ಬಾಯಿ ತನಕ ಬಂದಿತ್ತು.” ಅತ್ತೆ ಕೋಲು ಹುಡುಕುವವರ ಹಾಗೆ ಅತ್ತ ತಿರುಗಿದರು. “ಈ ಐದು ಜನಾನ ನಾನು ಕರೀಲಿಲ್ಲ ಮತ್ತೆ. ಅವರೇ ಬರ್ತೀವಂದ್ರು. ಬರಬೇಡಿ ಅನ್ನೋಕೆ ನನ್ನ ಕೈಲಾಗಲ್ಲ, ನಿನ್ನ ಕೈಲೂ ಆಗಲ್ಲ.”

ಅವರು ಮೆಟ್ಟಿಲಿಳಿದ ಮೇಲೆ ಸೊಸೆ ಅಡುಗೆಮನೆಗೆ ಹೋಗಿ ಸಂಜೆಯ ಹಾಲು ಒಲೆಯ ಮೇಲೆ ಇಟ್ಟಳು. ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಬಟ್ಟೆಯಿಲ್ಲ, ಚಾಕುವಿಲ್ಲ, ಪೆನ್ನಿಲ್ಲ. ಬರೀ ಹಾಲು ನೋಡುತ್ತ ನಿಂತಳು. ಫೋನು ಬಡಿದುಕೊಂಡಿತು. ಗಂಡನದೇ ಇರಬೇಕು, ಒಂದು ಕಿವಿಗೆ ಬಿಡುವು ಸಿಕ್ಕಿರಬೇಕು. ಬಡಿದುಕೊಳ್ಳಲಿ ಎಂದು ಬಿಟ್ಟಳು. ಐದು ನಿಮಿಷವಾದರೂ ಹಾಲು ಮಿಸುಕಲಿಲ್ಲ. ಬಗ್ಗಿ ನೋಡಿದರೆ, ಒಲೆಯನ್ನೇ ಹಚ್ಚಿರಲಿಲ್ಲ.

ಹಚ್ಚಿ, ಮತ್ತೆ ನಿಂತಳು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿತು.

ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೂರನೇ ಸಾಲು ಆನ್ ಮಾಡಬೇಕು. ಹನ್ನೆರಡಕ್ಕೆ ಅವರೆಲ್ಲ ಬಂದಾಗ ಕಂಪ್ಯೂಟರು ಹಾಕಿ ತೋರಿಸಿದರೆ ಪರದೆಯ ಮೇಲೆ ಮೀನು ಬಾಲ ಆಡಿಸಬೇಕು. ಮೆಕ್ಯಾನಿಕ್ ಓಡಿಬಂದು ನೀಲಿ ಪಟ್ಟಿ ಎಬ್ಬಿಸಲು ಹೋದರೆ, ಅದು ಗುಟ್ಟಿನ ಸಂಖ್ಯೆ ಕೇಳಬೇಕು. ಪಟ್ಟಿಗೆ ಬೀಗ ಹಾಕುವುದೇ ಆ ನಾಲ್ಕನೇ ಸಾಲು. ಎರಡಕ್ಕೆ ಜೇನು ಹೋದ ಮೇಲೆ ಅವಳೇ ಬೀಗ ತೆಗೆದು ಆಫ್ ಮಾಡಿದರಾಯಿತು, ನೋಡುವವರಿಗೆ ಮೀನು ತಾನಾಗಿ ಮಾಯವಾಗುತ್ತದೆ, ಲಾರಿಗಳು ಹೊರಡುತ್ತವೆ.

ಸಂಖ್ಯೆ ಯಾವುದೆಂದು ಹುಡುಕಬೇಕಾಗಿರಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ, ಹಾಳೆಯ ಮೊದಲ ಸಾಲಿನಲ್ಲೇ ಇತ್ತು: ೧೧-೪೨. ಸೊಸೆ ಆ ಹಾಳೆಯನ್ನು ಕಿತ್ತು, ನಾಲ್ಕಾಗಿ ಮಡಿಸಿ ಸಕ್ಕರೆ ಡಬ್ಬಿಯ ಅಡಿಯಲ್ಲಿಟ್ಟಳು. ತಿರುಗಿ ಕೈ ಚಾಚಿ, ಉಕ್ಕಲು ಎದ್ದು ನಿಂತ ಹಾಲಿನ ಕೆಳಗೆ ಉರಿ ಆರಿಸಿದಳು.